ಮೊದಲ ಸೌಟು ಗಂಜಿ

ನಾನು ಹುಟ್ಟು ಪುಕ್ಕಲ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಹಾಕಿದ್ದೇನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವವನು. ಜಗ್ಗಿದ್ದು ನೆನಪಾಗದೆ ಇನ್ನೊಮ್ಮೆ ಬಂದದ್ದೂ ಉಂಟು. ಇಂಥವನ ಕೈಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸರ್ಕಾರ ಮೂವರು ಆಳುಗಳನ್ನೂ ಒಂದು ಪಂಪನ್ನೂ ಒಪ್ಪಿಸಿ, ಮನೆಮನೆಗೆ ಹೋಗಿ ಸೊಳ್ಳೆಗೆ ಮದ್ದು ಹೊಡೆಸು ಎಂದಿತು.

ಕೊಡಗು ಆಗ ತನ್ನಷ್ಟಕ್ಕೆ ಒಂದು ರಾಜ್ಯ. ಮಂತ್ರಿಗಳು ಮಡಿಕೇರಿಯಲ್ಲೇ ಇದ್ದರು. ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದ ನನ್ನ ತಂದೆಯ ಕೈಯಿಂದ ತೀರ್ಥ ತೆಗೆದುಕೊಂಡು ಹೋಗಿ ಕಚೇರಿಯಲ್ಲಿ ಕೂರುತ್ತಿದ್ದರು. ರಾಜ್ಯ ಚಿಕ್ಕದು, ಚಳಿಜ್ವರ ಮಾತ್ರ ಚಿಕ್ಕದಾಗಿರಲಿಲ್ಲ. ಗದ್ದೆ ಬದಿಯ ಊರುಗಳಲ್ಲಿ ಒಂದೊಂದು ಮನೆಯಲ್ಲಿ ಇಬ್ಬಿಬ್ಬರು ಮೂವರು ಕಂಬಳಿ ಹೊದ್ದು ನಡುಗುತ್ತಾ ಮಲಗಿರುತ್ತಿದ್ದರು. ಹೊಸದಾಗಿ ಬಂದಿದ್ದ ಡಿ.ಡಿ.ಟಿ. ಪುಡಿಯನ್ನು ನೀರಿಗೆ ಕಲಸಿ ಗೋಡೆಗೆ ಹೊಡೆದರೆ, ಆ ಗೋಡೆಯ ಮೇಲೆ ಕೂತ ಸೊಳ್ಳೆ ಸಾಯುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದರು. ಒಣಗಿದ ಮೇಲೆ ಗೋಡೆಯಲ್ಲಿ ತೆಳ್ಳಗೆ ಬಿಳುಪು ನಿಲ್ಲುತ್ತಿತ್ತು, ಬೆರಳಾಡಿಸಿದರೆ ಕೈಗೆ ಹತ್ತುತ್ತಿತ್ತು. ಹೊಡೆದ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ತಾರೀಖು ಬರೆಯಬೇಕು, ಮನೆಪಟ್ಟಿಯಲ್ಲಿ ನಾನು ರುಜು ಹಾಕಬೇಕು. ನನ್ನ ಕೆಲಸ ಇಷ್ಟೆ.

ಮೂವರಲ್ಲಿ ಹಿರಿಯರು ಗಾಳಿಬೀಡಿನ ಕಡೆಯ ಗೌಡರು, ಐವತ್ತು ದಾಟಿದವರು. ತಮ್ಮ ಜನರ ಅರೆಭಾಷೆಯನ್ನು ನನಗಾಗಿ ಸ್ವಲ್ಪ ತಿದ್ದಿಕೊಂಡು ಮಾತಾಡುತ್ತಿದ್ದರು. ಮದ್ದು ಕಲಸುವುದು, ಬಾಗಿಲಿಗೆ ಗುರುತು ಬರೆಯುವುದು ಅವರ ಪಾಲು. ಎಲ್ಲರಿಗೂ ಅವರು ಮೇಸ್ತ್ರಿ. ಎರಡನೆಯವನು ಬಿಟ್ಟಂಗಾಲದ ಕೊಡವ, ಸೈನ್ಯದಿಂದ ಬಿಟ್ಟು ಬಂದವನು. ಮದ್ದು ಹೊಡೆಯುವ ಉದ್ದ ಕೋಲನ್ನು ಬಂದೂಕಿನ ಮರ್ಯಾದೆಯಲ್ಲೇ ಹಿಡಿಯುತ್ತಿದ್ದ. ಮೂರನೆಯವನು ತಮಿಳಿನವನು, ಎಸ್ಟೇಟಿನ ಕೂಲಿಗಳ ಲೈನುಮನೆ ಬಿಟ್ಟು ಬಂದು ನಮ್ಮಲ್ಲಿ ಪಂಪು ಒತ್ತುತ್ತಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಒತ್ತಿದರೂ ಅವನ ಬಾಯಲ್ಲಿ ಹಾಡು ನಿಲ್ಲುತ್ತಿರಲಿಲ್ಲ.

ನಾನು ಸೇರುವ ಮೊದಲೇ ಆ ಮೂವರು ಒಂದು ವರ್ಷ ಕೂಡಿ ಕೆಲಸ ಮಾಡಿದ್ದರು. ಅವರದೇ ಒಂದು ರೂಢಿಯಿತ್ತು. ಮಧ್ಯಾಹ್ನ ದಾರಿಬದಿಯಲ್ಲಿ ಮೂರು ಕಲ್ಲು ಹೂಡಿ ಒಂದೇ ಮಡಕೆಯಲ್ಲಿ ಗಂಜಿ ಬೇಯಿಸುತ್ತಿದ್ದರು. ಬಡಿಸುವವರು ಮೇಸ್ತ್ರಿ. ಅಂದಿನ ಅರ್ಧ ದಿನದಲ್ಲಿ ಯಾರಿಗೆ ಹೆಚ್ಚು ಕಷ್ಟವಾಯಿತೋ ಅವನಿಗೆ ಮೊದಲ ಸೌಟು. ಕೋಲಿನವನಿಗೆ ನಾಯಿ ಕಚ್ಚಿದ ದಿನ ಅವನಿಗೆ. ಒಂದು ಮನೆಯ ಅಜ್ಜಿ, ನಿಮ್ಮ ಮದ್ದಿನಿಂದ ನನ್ನ ಬೆಕ್ಕು ಸತ್ತಿತು ಎಂದು ಪಂಪಿನವನಿಗೆ ಹಿಡಿಹಿಡಿ ಶಾಪ ಹಾಕಿದ ದಿನ ಅವನಿಗೆ. ಯಾರಿಗೆ ಎಂದು ಮೇಸ್ತ್ರಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಮ್ಮೆ ಮೂವರ ಮುಖ ನೋಡಿ ಸೌಟು ಚಾಚುತ್ತಿದ್ದರು, ಯಾರೂ ಅದಕ್ಕೆ ಎದುರಾಡಿದ್ದನ್ನು ನಾನು ಕಾಣೆ.

ನಾನು ಆಚೆ ಒಂದು ಕಲ್ಲಿನ ಮೇಲೆ ಕೂತು, ಅಮ್ಮ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದೆ. ಅರ್ಚಕರ ಮನೆಯವನು ಅವರ ಮಡಕೆಯ ಗಂಜಿ ಕುಡಿಯುವುದು ಆಗ ನನ್ನ ಕಲ್ಪನೆಗೇ ಹೊರಗಿನ ಮಾತು. ಆದರೆ ಅವರ ನಗು ನನ್ನ ಕಲ್ಲಿನವರೆಗೆ ಬರುತ್ತಿತ್ತು. ನಗುತ್ತಿರುವುದು ನನ್ನನ್ನು ನೋಡಿಯೇ ಇರಬೇಕು ಎಂದು ಗಾಬರಿಯಾಗಿ ಬೇಗ ಬೇಗ ಉಂಡು ಡಬ್ಬಿ ಮುಚ್ಚುತ್ತಿದ್ದೆ. ಹದಿನೈದು ದಿನ ಹೀಗೆ ಕಳೆಯಿತು. ಆಮೇಲೊಂದು ದಿನ ತೋಡು ದಾಟುವಾಗ ನನ್ನ ಕಾಲು ಜಾರಿ ಡಬ್ಬಿ ನೀರಿಗೆ ಹೋಯಿತು. ಮಧ್ಯಾಹ್ನ ನಾನು ಖಾಲಿ ಕೈಯಲ್ಲಿ ಕಲ್ಲಿನ ಮೇಲೆ ಕೂತು, ಹಸಿವಿಲ್ಲದವನಂತೆ ಆಕಾಶ ನೋಡುತ್ತಿದ್ದೆ.

ಮೇಸ್ತ್ರಿ ಕರೆದರು. "ಸಾರ್, ನೀವು ಆಚೆ ಕೂತ್ರೆ ನಮ್ಗೆ ಗಂಜಿ ಇಳಿಯುದಿಲ್ಲೆ. ಕುಡಿಯುದು ಬೇಡ, ಹತ್ರ ಬಂದ್ ಕೂತ್ಕೊಳ್ಳಿ, ಸಾಕು."

ಹತ್ತಿರ ಹೋಗಿ ಕೂತೆ. ಕೂತವನು ಕುಡಿದೆ. ಸೂಜಿಮೆಣಸಿನ ಚಟ್ನಿಗೆ ಕಣ್ಣಲ್ಲಿ ನೀರು ಬಂತು. ಕೋಲಿನವನು ತನ್ನ ಒಣಮೀನನ್ನು ನನ್ನ ಮೂಗಿನಿಂದ ದೂರ ಸರಿಸಿಟ್ಟ. ಆ ದಿನ ಮೊದಲ ಸೌಟು ಬಂದದ್ದು ನನಗೇ, ಡಬ್ಬಿ ಕಳೆದುಕೊಂಡವನು ನಾನಲ್ಲವೆ? ಅಂದಿನಿಂದ ಅಮ್ಮನ ಮೊಸರನ್ನ ನಾಲ್ಕು ಪಾಲಾಯಿತು, ಗಂಜಿಯೂ ನಾಲ್ಕು ಪಾಲಾಯಿತು. 'ಸಾರ್' ಹೋಗಿ 'ಭಟ್ರೆ' ಆಯಿತು. ಮನೆಯಲ್ಲಿ ಇದನ್ನು ಹೇಳಲಿಲ್ಲ. ಹೇಳದ್ದಕ್ಕೆ ಒಂದು ಹೆದರಿಕೆ ಸೇರಿಕೊಂಡಿತು, ನಿಜ. ಆದರೂ ನನ್ನ ಜೀವಮಾನದಲ್ಲಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಓಡಬೇಕು ಅನ್ನಿಸಿದ್ದು ಆ ಎರಡು ತಿಂಗಳು ಮಾತ್ರ. ಒಮ್ಮೊಮ್ಮೆ ಬೀಗ ಜಗ್ಗಿ ನೋಡುವುದನ್ನೂ ಮರೆಯುತ್ತಿದ್ದೆ.

ನಮ್ಮ ಹಾಗೆ ಇನ್ನೂ ಕೆಲವು ತಂಡಗಳಿದ್ದವು. ಅವುಗಳಲ್ಲೊಂದರ ಜಗಳ ಇಲಾಖೆಗೆಲ್ಲ ಗೊತ್ತು. ಅಲ್ಲಿ ನಾಲ್ವರಿಗೆ ನಾಲ್ಕು ಒಲೆ. ಒಬ್ಬ ಒಂದು ಕೋಣೆಗೆ ಮದ್ದು ಹೊಡೆಯದೆ ಬಿಟ್ಟರೆ ಇನ್ನೊಬ್ಬ ಸಂಜೆಯೊಳಗೆ ಮಡಿಕೇರಿಗೆ ದೂರು ಮುಟ್ಟಿಸುತ್ತಿದ್ದ. ತಿಂಗಳಿಗೊಬ್ಬ ಕೆಲಸ ಬಿಟ್ಟು ಹೋಗುತ್ತಿದ್ದ. ನಾವು ಅವರ ಕಥೆ ಹೇಳಿಕೊಂಡು ನಗುತ್ತಿದ್ದೆವು. ಅವರ ಪಟ್ಟಿಯಲ್ಲಿ ಒಂದು ಮನೆಯೂ ತಪ್ಪಿರಲಿಲ್ಲ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ವಾರ ನಾವು ಮೂರ್ನಾಡಿನ ಹತ್ತಿರದ ಒಂದು ಊರಿನಲ್ಲಿದ್ದೆವು. ಗದ್ದೆಯ ಅಂಚಿನಲ್ಲಿ ಒಂದು ಒಂಟಿ ಮನೆ. ಮನೆಯಲ್ಲಿ ವಿಧವೆ ಹೆಂಗಸು, ಒಂಬತ್ತು ಹತ್ತು ವರ್ಷದ ಅವಳ ಮಗಳು. ಜಗಲಿಯ ಉದ್ದಕ್ಕೂ ಆರು ಜೇನುಪೆಟ್ಟಿಗೆ. ಇಡೀ ಬೆಟ್ಟ ಹೂವಾಗಿತ್ತು, ಪೆಟ್ಟಿಗೆಯ ಬಾಯಲ್ಲಿ ಜೇನುಹುಳಗಳ ಸಾಲು ಕಡಿಯುತ್ತಿರಲಿಲ್ಲ. ನಾನು ಮೂವರನ್ನು ಅಲ್ಲಿ ಬಿಟ್ಟು, ಮುಂದಿನ ಮನೆಯವರಿಗೆ ಪಾತ್ರೆಪಗಡ ಹೊರಗಿಡಲು ಹೇಳಿಬರುತ್ತೇನೆಂದು ಹೋದೆ. ಅವರಿಗೆ ಮನೆ ಖಾಲಿ ಮಾಡಿಸಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಬಂದು ನೋಡಿದರೆ ಬಾಗಿಲ ಚೌಕಟ್ಟಿನ ಮೇಲೆ ಕೆಂಪು ತಾರೀಖು ಹಸಿಹಸಿಯಾಗಿ ಹೊಳೆಯುತ್ತಿತ್ತು. ಒಳಗೆ ಗೋಡೆ ಒಣಗಿಯೇ ಇತ್ತು. ಮದ್ದಿನ ವಾಸನೆಯೂ ಇರಲಿಲ್ಲ. ನಾನು ಎರಡು ಕೋಣೆಗೂ ಹೋಗಿ ಬೆರಳಾಡಿಸಿ ನೋಡಿದೆ, ಕೈಗೆ ಹತ್ತಿದ್ದು ಬರೀ ಮಣ್ಣು. ಹಿಂದಿನ ವರ್ಷ ಪಕ್ಕದ ಊರಿನ ಒಂದು ಮನೆಗೆ ಮದ್ದು ಹೊಡೆದಾಗ ಅವರ ಜೇನುಹುಳಗಳೆಲ್ಲ ಜಗಲಿಯಲ್ಲಿ ರಾಶಿ ಬಿದ್ದಿದ್ದನ್ನು ಆ ಹೆಂಗಸು ಕಣ್ಣಾರೆ ಕಂಡಿದ್ದಳಂತೆ. ಆ ಆರು ಪೆಟ್ಟಿಗೆಗಳ ಮೇಲೆಯೇ ತಾಯಿ ಮಗಳ ಬದುಕು ನಿಂತಿತ್ತು. ಅವಳು ಮೇಸ್ತ್ರಿಯ ಮುಂದೆ ಕೈಮುಗಿದಳಂತೆ. ಕೋಲಿನವನ ಮನೆಯಲ್ಲೂ ಜೇನು ಸಾಕುತ್ತಿದ್ದರು, ಅವನ ಕೈ ಏಳಲಿಲ್ಲ. ಪಂಪಿನವನು ಪಂಪು ಕೆಳಗಿಟ್ಟ. ಇದನ್ನೆಲ್ಲ ನನಗೆ ಆಗಲೇ ಯಾರೂ ಹೇಳಲಿಲ್ಲ. ಆಗ ನಾನು ಕಂಡದ್ದು ಮೂರು ಮುಖ, ಆ ಮೂರೂ ನನ್ನನ್ನೇ ನೋಡುತ್ತಿದ್ದವು.

ಗಂಜಿ ಬೆಂದಿತ್ತು. ಅಂಗಳದ ಆಚೆ ಹಲಸಿನ ಮರದ ಬುಡದಲ್ಲಿ ಕೂತೆವು. ಮೇಸ್ತ್ರಿ ಸೌಟು ತುಂಬಿದರು, ಸುತ್ತ ನೋಡಲಿಲ್ಲ, ನೇರ ನನ್ನ ತಟ್ಟೆಗೆ ಹಾಕಿದರು. ಆ ದಿನದ ಕಷ್ಟ ನನ್ನದು ಎಂದು ಅವರು ತೀರ್ಮಾನಿಸಿದ್ದರು. ಕೇಳಬೇಕಾದ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲಿತ್ತು. ಕೇಳಿದರೆ ನಾನು ಮತ್ತೆ ಆಚೆಯ ಕಲ್ಲಿನ ಮೇಲೆ ಕೂರಬೇಕಾದೀತು ಅನ್ನಿಸಿತು. ಗಂಜಿ ಕುಡಿದೆ. ಕೈ ತೊಳೆದು ಮನೆಪಟ್ಟಿ ಬಿಚ್ಚಿ ಆ ಮನೆಯ ಸಾಲಿಗೆ ರುಜು ಹಾಕಿದೆ.

ಹೂ ಉದುರಿತು, ಬಿಸಿಲು ಏರಿತು. ವಾರಕ್ಕೊಮ್ಮೆ ಜ್ವರದವರ ಪಟ್ಟಿ ಮಡಿಕೇರಿಗೆ ಬರುತ್ತಿತ್ತು. ಶನಿವಾರ ನಾನು ಏನಾದರೊಂದು ನೆವ ಹೇಳಿ ಕಚೇರಿಗೆ ಹೋಗಿ ಅದನ್ನು ಮೇಲಿಂದ ಕೆಳಗೆ ಓದುತ್ತಿದ್ದೆ. ಆ ಊರಿನ ಹೆಸರು ಇಲ್ಲ. ಮತ್ತೆ ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೆ. ಇಲ್ಲ ಎಂದು ಖಚಿತವಾದ ಮೇಲೆ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಗುಮಾಸ್ತರು ನನ್ನನ್ನು ಬಲು ಕರ್ತವ್ಯನಿಷ್ಠ ಎಂದು ತಿಳಿದರು.

ಇಷ್ಟರಲ್ಲಿ ನಮ್ಮ ಮೇಲಿನ ಡಾಕ್ಟರು ನನ್ನನ್ನು ಕರೆಸಿದರು. ಬಿಳಿ ಮೀಸೆಯ, ಮೆಲುಮಾತಿನ ಮನುಷ್ಯ. ತಿಂಗಳ ವರದಿಯಲ್ಲಿ ಕೆಲಸಗಾರರು ತೃಪ್ತರಾಗಿದ್ದಾರೆಯೇ ಎಂಬ ಒಂದು ಅಂಕಣವಿತ್ತು. ಬೇರೆ ತಂಡದವರು ಅದನ್ನು ಖಾಲಿ ಬಿಡುತ್ತಿದ್ದರು ಇಲ್ಲವೇ ಅಲ್ಲಿ ದೂರು ತುಂಬುತ್ತಿದ್ದರು. ನಾನು ಮಾತ್ರ ತಿಂಗಳು ತಿಂಗಳು 'ಬಹಳ' ಎಂದು ಬರೆಯುತ್ತಿದ್ದೆ. ನಿಮ್ಮಲ್ಲಿ ಒಬ್ಬನೂ ಬಿಟ್ಟು ಹೋಗಿಲ್ಲ, ಒಂದು ದೂರೂ ಇಲ್ಲ, ಏನಿದರ ಗುಟ್ಟು, ಒಂದು ಪುಟ ಬರೆದು ಕೊಡಿ ಎಂದರು. ಕೂಡಿ ಬೇಯಿಸಿ ಕೂಡಿ ಉಣ್ಣುವುದರ ಬಗ್ಗೆ, ಮೊದಲ ಸೌಟಿನ ಬಗ್ಗೆ ನಾನು ಎರಡು ಪುಟವನ್ನೇ ಬರೆದೆ. ಆ ಜೇನಿನ ಮನೆಯ ಮಾತು ಮಾತ್ರ ಎತ್ತಲಿಲ್ಲ. ಅವರು ಅದನ್ನು ಓದಿ ಮೆಚ್ಚಿ, ಪ್ರತಿ ತಂಡಕ್ಕೂ ಒಂದೊಂದು ಮಡಕೆ ಕೊಡಿಸಿದರು. ನಾಲ್ಕು ಒಲೆಯ ತಂಡದಲ್ಲಿ ಆ ಮಡಕೆಯನ್ನು ಯಾರು ಹೊರಬೇಕು ಎಂದು ಹೊಡೆದಾಟವಾಗಿ ಎರಡನೆಯ ದಿನವೇ ಅದು ಒಡೆಯಿತು. ನಮ್ಮವರು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಮುಂದಿನ ಶನಿವಾರದ ಪಟ್ಟಿಯಲ್ಲಿ ಆ ಮನೆ ಇತ್ತು. ಮಗಳಿಗೆ ಚಳಿಜ್ವರ. ಮಗು ಉಳಿಯಿತು, ಇದನ್ನು ಈಗಲೇ ಹೇಳಿಬಿಡುತ್ತೇನೆ, ಆ ವಾರ ನಾನು ಪಟ್ಟ ಪಾಡು ಓದುವವರಿಗೆ ಬೇಡ. ಆದರೆ ಅವಳು ಉಳಿಯುತ್ತಾಳೆಂದು ಆಗ ನನಗೆ ಗೊತ್ತಿರಲಿಲ್ಲ. ಮರುದಿನವೇ ನಡೆದು ಹೋದೆ. ಒಳಗಿನ ಚಾಪೆಯ ಮೇಲೆ ಮಗು ಮೂರು ಕಂಬಳಿಯ ಕೆಳಗೆ ನಡುಗುತ್ತಿತ್ತು, ಹಲ್ಲು ಕಟಕಟ ಅನ್ನುವುದು ಬಾಗಿಲಿಗೆ ಕೇಳುತ್ತಿತ್ತು. ಜಗಲಿಯಲ್ಲಿ ಜೇನು ಹಾರಾಡುತ್ತಿತ್ತು. ತಾಯಿ ನನ್ನ ಮುಖ ನೋಡದೆ ಅಂದಿನ ಜೇನಿನ ಕಥೆಯನ್ನೆಲ್ಲ ಹೇಳಿದಳು. ಡಾಕ್ಟರು ಹಿಂದಿನ ದಿನವೇ ಬಂದು ಗುಳಿಗೆ ಕೊಟ್ಟು, ಮನೆಗೆ ಮದ್ದು ಹೊಡೆದಿದ್ದಾರಾ ಎಂದು ಕೇಳಿದ್ದರಂತೆ. ಅವಳು ಹೊಡೆದಿದ್ದಾರೆ ಎಂದಿದ್ದಳು.

"ನಿಮ್ಮವ್ರು ನನ್ ಕಣ್ಣೀರ್ ನೋಡಿ ಬಿಟ್ಟದ್ದ್," ಎಂದಳು. "ಅವ್ರ ಮೇಲೆ ನಾ ಹೆಂಗೆ ಹೇಳ್‌ಲಿ?"

ಅವಳ ಆ ಉಪಕಾರದಿಂದ ಕೆಲಸ ಕೆಟ್ಟಿತು. ಡಾಕ್ಟರು ಗೋಡೆಗೆ ಬೆರಳಾಡಿಸಿದ್ದರು, ಬಿಳುಪು ಹತ್ತಿರಲಿಲ್ಲ. ಬಾಗಿಲಲ್ಲಿ ಗುರುತಿದೆ, ಮನೆಯವಳು ಹೊಡೆದಿದ್ದಾರೆ ಅನ್ನುತ್ತಾಳೆ, ಆದರೆ ಗೋಡೆಯಲ್ಲಿ ಮದ್ದಿಲ್ಲ. ಹಾಗಾದರೆ ಮದ್ದು ನೀರಾಗಿತ್ತು ಎಂದಾಯಿತು. ಕಲಸುವವರು ಮೇಸ್ತ್ರಿ. ಕಾಫಿ ಗಿಡದ ಹುಳಕ್ಕೆ ಆ ಪುಡಿ ಬೇಕೆಂದು ಕೆಲವು ತೋಟದವರು ಆಸೆಪಡುತ್ತಿದ್ದ ಕಾಲ ಅದು. ಮೇಸ್ತ್ರಿ ಪುಡಿಯನ್ನು ಯಾವುದೋ ಎಸ್ಟೇಟಿಗೆ ದಾಟಿಸಿ ಗೋಡೆಗೆ ನೀರು ಹೊಡೆಸಿದ್ದಾರೆ ಎಂದು ಡಾಕ್ಟರು ಲೆಕ್ಕ ಹಾಕಿದರು. ಗುರುವಾರ ಮೂರ್ನಾಡಿಗೆ ಬರುತ್ತೇನೆ, ಮಧ್ಯಾಹ್ನ ಎರಡಕ್ಕೆ ಮೇಸ್ತ್ರಿ ಬಂದು ಜವಾಬು ಕೊಡಲಿ, ಸರಿಯಾದ ಜವಾಬು ಇಲ್ಲದಿದ್ದರೆ ಅವರನ್ನು ಮನೆಗೆ ಕಳಿಸುತ್ತೇನೆ ಎಂದು ಸೋಮವಾರ ನನಗೆ ಚೀಟಿ ಬಂತು.

ನಾನು ಚೀಟಿಯನ್ನು ಓದಿ ಹೇಳಿದೆ. ಮೇಸ್ತ್ರಿ ಕೇಳಿಸಿಕೊಂಡು, ಮದ್ದು ಕಲಸುವ ಕೋಲನ್ನು ಬಕೆಟ್ಟಿನ ಅಂಚಿಗೆ ಎರಡು ಸಲ ಬಡಿದು, ಹೋಗುವ ಎಂದರು. ಅಷ್ಟೆ. ಸೋಮವಾರ, ಮಂಗಳವಾರ, ಬುಧವಾರ ಎಂದಿನಂತೆ ಕೆಲಸ ನಡೆಯಿತು. ಪಂಪಿನವನ ಹಾಡು ನಿಂತಿತ್ತು. ಗಂಜಿಯ ಹೊತ್ತಿಗೆ ಮೇಸ್ತ್ರಿ ತಮಾಷೆ ಮಾಡುತ್ತಿದ್ದರು, ನಾವು ಬೇಕಾದ್ದಕ್ಕಿಂತ ಜೋರಾಗಿ ನಗುತ್ತಿದ್ದೆವು. ಆ ಮೂರೂ ದಿನ ಮೊದಲ ಸೌಟು ಮೇಸ್ತ್ರಿಗೇ ಸಲ್ಲಬೇಕಿತ್ತು, ಆದರೆ ತಮ್ಮ ತಟ್ಟೆಗೆ ತಾವೇ ಮೊದಲು ಹಾಕಿಕೊಳ್ಳುವುದು ಹೇಗೆ? ಅವರು ಅದನ್ನು ಪಂಪಿನವನಿಗೆ ಹಾಕುತ್ತಿದ್ದರು.

ನಾನು ಅವರ ಮುಖಗಳನ್ನು ಕದ್ದು ಕದ್ದು ಓದುತ್ತಿದ್ದೆ. ನಿಜ ಹೇಳಿದರೆ ಕೋಲಿನವನು ಸಿಕ್ಕಿಬೀಳುತ್ತಾನೆ, ಪಂಪಿನವನು ಸಿಕ್ಕಿಬೀಳುತ್ತಾನೆ, ಗೊತ್ತಿದ್ದೂ ರುಜು ಹಾಕಿದ ನಾನು ಎಲ್ಲರಿಗಿಂತ ಮೊದಲು ಸಿಕ್ಕಿಬೀಳುತ್ತೇನೆ. ಹೇಳದಿದ್ದರೆ ಮೇಸ್ತ್ರಿ ಒಬ್ಬರು ಹೋಗುತ್ತಾರೆ, ಕಳ್ಳ ಅನ್ನಿಸಿಕೊಂಡು ಹೋಗುತ್ತಾರೆ. ಮೂವರೂ ಬಾಯಿ ಬಿಡುತ್ತಿರಲಿಲ್ಲ. ಆ ಮೌನಕ್ಕೆ ನಾನು ಒಂದೇ ಅರ್ಥ ಕಟ್ಟಿದೆ. ಮುಚ್ಚಿಡಬೇಕೆಂದು ತೀರ್ಮಾನಿಸಿದ್ದಾರೆ, ಮೇಸ್ತ್ರಿ ತಮ್ಮ ತಲೆಯ ಮೇಲೆ ಹಾಕಿಕೊಳ್ಳಲು ಒಪ್ಪಿದ್ದಾರೆ, ನಾನೂ ಇದರಲ್ಲಿ ಸೇರಿರಬೇಕೆಂದು ಕಾಯುತ್ತಿದ್ದಾರೆ ಎಂದುಕೊಂಡೆ. ಬುಧವಾರ ಸಂಜೆ ಸಾಮಾನು ಕಟ್ಟುವಾಗ ಕೋಲಿನವನು ನನ್ನ ಪಕ್ಕಕ್ಕೆ ಬಂದು, ಭಟ್ರೆ, ನಾಳೆಯ ವಿಷಯ ಎಂದು ಶುರುಮಾಡಿದ. ಬಾಯಿ ಮುಚ್ಚಿಕೊಂಡಿರಿ ಎಂದು ಕೇಳಿಕೊಳ್ಳಲು ಬಂದಿದ್ದಾನೆ, ಕೇಳಿದರೆ ಇಲ್ಲ ಅನ್ನಲಾರೆ ಎಂದು ಹೆದರಿ, ಕೋಲಿನ ಮೂತಿ ಕಟ್ಟಿಕೊಂಡಿದೆ, ಬೆಳಿಗ್ಗೆಯೇ ಅದನ್ನು ಚುಚ್ಚಿ ತೊಳೆ ಎಂದು ಏನೇನೋ ಬಡಬಡಿಸಿದೆ. ಅವನು ಕೋಲು ಎತ್ತಿಕೊಂಡು ಹೋದ.

ಗುರುವಾರ ಹನ್ನೊಂದಕ್ಕೆ, ಅಂಚೆ ಇದೆ ತರುತ್ತೇನೆ ಎಂದು ಸುಳ್ಳು ಹೇಳಿ ಮೂರ್ನಾಡಿನ ದಾರಿ ಹಿಡಿದೆ. ಒಂದು ಮೈಲಿ ದಾರಿ. ಮೂರು ಸಲ ನಿಂತೆ, ಒಂದು ಸಲ ಹಿಂದಕ್ಕೂ ನಡೆದೆ. ಡಾಕ್ಟರು ಪರಿಚಯದವರೊಬ್ಬರ ಮನೆಯ ಜಗಲಿಯಲ್ಲಿ ಕಾಗದ ಹರಡಿಕೊಂಡು ಕೂತಿದ್ದರು. ನಾನು ನಿಂತೇ ಹೇಳಿದೆ. ಆ ಮನೆಗೆ ಮದ್ದು ಹೊಡೆಯಲೇ ಇಲ್ಲ, ಮೇಸ್ತ್ರಿ ಪುಡಿ ಕದ್ದಿಲ್ಲ, ಜೇನಿಗಾಗಿ ಬಿಟ್ಟದ್ದು, ನನಗೆ ಅಂದೇ ಗೊತ್ತಿತ್ತು, ಗೊತ್ತಿದ್ದೂ ರುಜು ಹಾಕಿದೆ. ಹೇಳಿ ಮುಗಿಸಿದಾಗ ಮನಸ್ಸು ಹಗುರವಾಯಿತು.

ಅವರು ಹರಡಿದ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು. ಜೇನುಪೆಟ್ಟಿಗೆಯನ್ನು ಸಂಜೆ ಹುಳ ಒಳಗೆ ಸೇರಿದ ಮೇಲೆ ಬಾಯಿ ಕಟ್ಟಿ ದೂರದ ತೋಟಕ್ಕೆ ಸಾಗಿಸಿಟ್ಟಿದ್ದರೆ ಆಗುತ್ತಿತ್ತಲ್ಲ, ನಿಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲವೆ ಎಂದರು. ನನಗೆ ಹೊಳೆದಿರಲಿಲ್ಲ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಒಂದೇ ಪ್ರಶ್ನೆ ಕೇಳಿದರು.

"ಇದನ್ನು ನೀವು ನಾಲ್ವರೂ ಮಾತಾಡಿಕೊಂಡು ಹೇಳುತ್ತಿದ್ದೀರೋ, ನೀವೊಬ್ಬರೇ ಬಂದದ್ದೋ?"

ಒಬ್ಬನೇ ಎಂದೆ. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ. ಅವರು ಬರೆದುಕೊಂಡರು. ಮೇಸ್ತ್ರಿಯ ಮೇಲೆ ಕಳ್ಳತನದ ಮಾತಿಲ್ಲ, ಕೆಲಸ ಉಳಿಯುತ್ತದೆ. ಆದರೆ ಒಂದು ಮನೆಯನ್ನು ಬಿಟ್ಟು ಗುರುತು ಬರೆದು, ಮಗು ಜ್ವರದಿಂದ ಮಲಗಿದ ಮೇಲೂ ಮುಚ್ಚಿಟ್ಟವರು ಎಂದು ಮೂವರ ಹೆಸರಿಗೂ ಷರಾ ಬೀಳುತ್ತದೆ. ಮೂವರೂ ಮೂರು ಬೇರೆ ತಂಡಕ್ಕೆ ಹೋಗಬೇಕು. ಮೇಸ್ತ್ರಿ ಇನ್ನು ಮೇಸ್ತ್ರಿಯಲ್ಲ, ಹೋದಲ್ಲಿ ಪಂಪು ಒತ್ತಲಿ. ನಾನು ತಾನಾಗಿ ಬಂದು ಒಪ್ಪಿಕೊಂಡವನಾದ್ದರಿಂದ ನನಗೆ ಬಾಯಿಮಾತಿನ ಎಚ್ಚರಿಕೆ ಮಾತ್ರ, ಇನ್ನು ಮಡಿಕೇರಿಯ ಕಚೇರಿಯಲ್ಲಿ ಕೂತು ಜ್ವರದ ಪಟ್ಟಿ ಬರೆಯುವ ಕೆಲಸ. ಎರಡು ಗಂಟೆಗೆ ಮೇಸ್ತ್ರಿ ಬರುವುದು ಬೇಕಿಲ್ಲ ಎಂದು ಹೇಳಿ ಅವರು ಕಾಗದ ಮಡಚಿ, ಜೀಪು ಹತ್ತಿ ವಿರಾಜಪೇಟೆಗೆ ಹೋದರು.

ನಾನು ತಿರುಗಿ ನಡೆದೆ. ಮೇಸ್ತ್ರಿಯನ್ನು ಉಳಿಸಿದೆ ಎಂದು ಒಂದು ಹೆಜ್ಜೆ, ಉಳಿದವರಿಗೆ ಹೇಗೆ ಮುಖ ತೋರಿಸಲಿ ಎಂದು ಇನ್ನೊಂದು ಹೆಜ್ಜೆ. ಬೈಯಲಿ, ಬೇಕಾದರೆ ನಾಲ್ಕು ಹೊಡೆಯಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡೆ. ಮಧ್ಯಾಹ್ನ ಒಂದೂವರೆ ದಾಟಿತ್ತು. ಎಂದಿಗಿಂತ ಒಂದು ಗಂಟೆ ತಡ. ಅವರ ಊಟ ಮುಗಿದಿರುತ್ತದೆ ಎಂದುಕೊಂಡಿದ್ದೆ.

ಮುಗಿದಿರಲಿಲ್ಲ. ಮೂವರೂ ಕೆಲಸದ ಅಂಗಿ ಬಿಚ್ಚಿ ಒಗೆದ ಅಂಗಿ ತೊಟ್ಟಿದ್ದರು. ಕೋಲಿನವನು ಸೈನ್ಯದ ಬೂಟು ಹಾಕಿದ್ದ. ಪಂಪಿನವನು ತಲೆ ಬಾಚಿಕೊಂಡಿದ್ದ. ಮಡಕೆಯ ಸುತ್ತ ಮೂರು ತಟ್ಟೆ ಖಾಲಿ ಇದ್ದವು. ನಾಲ್ಕನೆಯದಕ್ಕೆ, ನನ್ನ ತಟ್ಟೆಗೆ, ಒಂದು ಸೌಟು ಗಂಜಿ ಆಗಲೇ ಹಾಕಿತ್ತು. ಆರಿ ಮೇಲೆ ಕೆನೆ ಕಟ್ಟಿತ್ತು.

ಮೇಸ್ತ್ರಿ ಎದ್ದರು. "ಬನ್ನಿ ಭಟ್ರೆ, ಬೇಗ ಉಂಡ್‌ಕೊಂಡ್ ಹೊರಡುವ. ನಾಲ್ಕ್ ಜನವೂ ಒಟ್ಟಿಗೆ ಹೋಗಿ ಇದ್ದದ್ದ್ ಇದ್ದಾಂಗೆ ಹೇಳುವ ಅಂತ ಕೂತದ್ದ್. ಪಟ್ಟಿಲಿ ನಿಮ್ಮ ರುಜು ಉಂಟಲ್ಲ, ನೀವ್ ಒಬ್ರೇ ಸಿಕ್ಕಿಬೀಳ್ತೀರ ಅಂತ ಇಷ್ಟ್ ದಿನ ನಾವ್ ಬಾಯಿ ಬಿಟ್ಟಿಲ್ಲೆ."

ಬುಧವಾರ ಸಂಜೆ ಕೋಲಿನವನು ನನಗೆ ಹೇಳಲು ಬಂದದ್ದು ಅದನ್ನೇ. ನಾನು ಅವನಿಗೆ ಕೋಲಿನ ಮೂತಿ ತೊಳೆ ಎಂದೆ. ಜೇನುಪೆಟ್ಟಿಗೆ ಸಾಗಿಸುವ ಉಪಾಯವೂ ಅವನಿಗೆ ಆ ಮನೆಗೆ ಹೋದ ದಿನವೇ ಗೊತ್ತಿತ್ತು, ಎರಡು ದಿನ ತಡವಾದರೆ ನಾನು ಒಪ್ಪಲಾರೆ ಎಂದು ಸುಮ್ಮನಾಗಿದ್ದನಂತೆ. ನಾಲ್ಕು ಜನ ಒಂದೇ ಮಡಕೆಯಿಂದ ಕುಡಿದೆವು. ಒಬ್ಬರಿಗೊಬ್ಬರು ಇಷ್ಟು ಬೇಕಾಗಿದ್ದರಿಂದಲೇ ಒಬ್ಬರನ್ನೊಬ್ಬರು ಕೇಳಲಿಲ್ಲ. ನನಗೆ ಆಮೇಲೆ ಬಹಳ ಸಲ ಅನ್ನಿಸಿದೆ, ಆ ನಾಲ್ಕು ಒಲೆಯವರ ಜಗಳದಲ್ಲಿ ಒಂದು ಚಿಟಿಕೆ ನಮ್ಮಲ್ಲಿದ್ದರೂ ಆ ಮಗು ಜ್ವರ ಬಂದು ಮಲಗುತ್ತಿರಲಿಲ್ಲ.

ಮುಂದೆ ನಾನು ಡಾಕ್ಟರಿಗೆ ಪತ್ರ ಬರೆದೆ. ಆ ಮೂವರೂ ಅದೇ ದಿನ ನಿಜ ಹೇಳಲು ಹೊರಟಿದ್ದರು, ನಾನು ಅವಸರಪಟ್ಟೆ, ಷರಾ ತೆಗೆಯಿರಿ ಎಂದು ಬೇಡಿಕೊಂಡೆ. ನಿಮ್ಮ ತಂಡದ ಒಗ್ಗಟ್ಟು ನನಗೆ ಗೊತ್ತಿದೆ, ನೀವೇ ಎರಡು ಪುಟ ಬರೆದು ಕೊಟ್ಟಿದ್ದೀರಿ ಎಂದು ಉತ್ತರ ಬಂತು, ಷರಾ ಉಳಿಯಿತು. ನಾನು ಕಚೇರಿಗೆ ಹೋಗಿ ಜ್ವರದ ಪಟ್ಟಿ ಬರೆಯತೊಡಗಿದೆ. ಬೀಗ ಜಗ್ಗುವ ಅಭ್ಯಾಸ ಅಂದಿನಿಂದ ಇಂದಿನವರೆಗೆ ಬಿಟ್ಟಿಲ್ಲ.

ಆ ಮಧ್ಯಾಹ್ನ ನಾನು ಎಲ್ಲ ಹೇಳಿದೆ. ಹೋಗಿ ಬಂದದ್ದು, ಒಬ್ಬನೇ ಎಂದದ್ದು, ಡಾಕ್ಟರು ಬರೆದುಕೊಂಡದ್ದು. ಯಾರೂ ಬೈಯಲಿಲ್ಲ. ಪಂಪಿನವನು ಬಾಚಿದ ತಲೆಯ ಮೇಲೆ ಕೈಯಾಡಿಸಿ ಕೂತ. ಕೋಲಿನವನು ಬೂಟಿನ ದಾರ ಬಿಚ್ಚತೊಡಗಿದ. ಮೇಸ್ತ್ರಿ ಮೂರ್ನಾಡಿನ ದಾರಿಯ ಕಡೆ ನೋಡಿದರು.

"ನಮ್ಮನ್ನ್ ಒಂದ್ ಮಾತ್ ಕೇಳ್‌ಬೋದಿತ್ತ್," ಎಂದರು. ಆಮೇಲೆ, "ಊಟ ಮಾಡಿ, ಸಾರ್."

ಸೌಟು ಮಡಕೆಯೊಳಗೇ ಇತ್ತು. ಬಡಿಸಲು ಅವರು ಅದನ್ನು ಎತ್ತಲಿಲ್ಲ. ಆ ದಿನ ಯಾರೂ ಯಾರಿಗೂ ಬಡಿಸಲಿಲ್ಲ, ಅವರವರ ತಟ್ಟೆಗೆ ಅವರವರೇ ಹಾಕಿಕೊಂಡರು.